ಜಾಲದಲ್ಲಿ ಸಿಕ್ಕ ಮಾಹಿತಿಯನ್ನು ಮೂಲದವರೆಗೆ ಹಿಂಬಾಲಿಸುವ ಕ್ರಮ: ಒಂದು ಸಮಗ್ರ ಮಾರ್ಗದರ್ಶಿ

ಲೇಖನಕ್ಕೋ ಭಾಷಣಕ್ಕೋ ಮಾಹಿತಿ ಹುಡುಕಿ ತಪ್ಪು ಬರೆದವರನ್ನು ‘ಇದು ನಿಮಗೆ ಎಲ್ಲಿ ಸಿಕ್ಕಿತು?’ ಎಂದು ಕೇಳಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: ‘ಹತ್ತು ಕಡೆ ನೋಡಿದೆ, ಎಲ್ಲ ಕಡೆಯೂ ಹಾಗೆಯೇ ಇತ್ತು.’ ಹತ್ತು ಕಡೆ ಇದ್ದದ್ದು ನಿಜವೇ ಇರಬಹುದು. ಆದರೆ ಒಂಬತ್ತು ಕಡೆಯವರು ಹತ್ತನೆಯವರಿಂದ ನಕಲು ಮಾಡಿಕೊಂಡಿದ್ದರೆ ನಿಮ್ಮ ಕೈಗೆ ಬಂದಿರುವುದು ಒಂದೇ ಸಾಕ್ಷ್ಯ, ಅದೂ ಯಾರದೆಂದು ಗೊತ್ತಿಲ್ಲದ ಸಾಕ್ಷ್ಯ.

ಈ ತಪ್ಪು ಬುದ್ಧಿಯ ಕೊರತೆಯಿಂದ ಆಗುವುದಲ್ಲ, ಕ್ರಮ ತಪ್ಪುವುದರಿಂದ ಆಗುವುದು. ಹೆಚ್ಚಿನವರು ಮೊದಲು ಹುಡುಕುತ್ತಾರೆ, ಆಮೇಲೆ ಓದುತ್ತಾರೆ, ಕೊನೆಗೆ ಸಮಯ ಉಳಿದರೆ ತಮಗೆ ಬೇಕಾದದ್ದು ಏನೆಂದು ಯೋಚಿಸುತ್ತಾರೆ. ಕೆಳಗಿನ ಹಂತಗಳು ಇದನ್ನು ತಿರುಗಿಸುತ್ತವೆ. ಎರಡು ಉದಾಹರಣೆಗಳನ್ನು ಆದಿಯಿಂದ ಕೊನೆಯವರೆಗೆ ಇಟ್ಟುಕೊಂಡಿದ್ದೇನೆ: ಒಂದು, ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದು ಎಂಬ ಪ್ರಶ್ನೆ, ಇನ್ನೊಂದು, ಕನ್ನಡ ಮಾತನಾಡುವವರು ಕಡಿಮೆಯಾಗುತ್ತಿದ್ದಾರೆ ಎಂಬ ಮಾತು. ಎರಡೂ ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ತಪ್ಪದೆ ಹಾಜರಾಗುತ್ತವೆ.

ಮೊದಲು ಬೇಕಾಗುವ ಸಾಮಗ್ರಿ

ಒಂದು ನೋಟುಪುಸ್ತಕ ಅಥವಾ ಒಂದು ಖಾಲಿ ಕಡತ ಬೇಕು. ಸಾಧ್ಯವಾದರೆ ಮೊಬೈಲಿನ ಬದಲು ಕಂಪ್ಯೂಟರ್ ಬಳಸಬೇಕು. ಐದಾರು ಪುಟಗಳನ್ನು ಅಕ್ಕಪಕ್ಕ ತೆರೆದು ಹೋಲಿಸುವ ಕೆಲಸ ಅಂಗೈಯಗಲದ ಪರದೆಯಲ್ಲಿ ಆಗುವುದಿಲ್ಲ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡುವ ವ್ಯವಸ್ಥೆ ಇರಬೇಕು. ಅಳಿಸಿಹೋದ ಪುಟಗಳ ಹಳೆಯ ಪ್ರತಿಯನ್ನು ತೋರಿಸುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಎಂಬ ಸೌಲಭ್ಯವನ್ನು ಕೈಗೆ ಸಿಗುವಂತೆ ಗುರುತು ಹಾಕಿ ಇಟ್ಟುಕೊಳ್ಳಿ. ಹಣ ಕೊಟ್ಟು ಕೊಳ್ಳಬೇಕಾದ್ದು ಯಾವುದೂ ಇಲ್ಲ.

ಹಂತ 1: ಹೇಳಿಕೆಯನ್ನು ಬಿಡಿಸಿ ಬರೆಯುವುದು

ಹುಡುಕುವ ಮೊದಲು, ಪರಿಶೀಲಿಸಬೇಕಾದ ವಾಕ್ಯವನ್ನು ಇದ್ದ ಹಾಗೆಯೇ ಬರೆದುಕೊಂಡು, ಅದರೊಳಗೆ ಎಷ್ಟು ಹೇಳಿಕೆಗಳಿವೆ ಎಂದು ಎಣಿಸಿ. ‘ಕನ್ನಡದ ಮೊದಲ ಶಾಸನವಾದ ಹಲ್ಮಿಡಿ ಶಾಸನವನ್ನು ಕ್ರಿ.ಶ. 450ರಲ್ಲಿ ಕದಂಬರ ಕಾಕುಸ್ಥವರ್ಮನು ಬರೆಸಿದನು’ ಎಂಬ ವಾಕ್ಯ ಒಂದೇ ಮಾತಿನಂತೆ ಕಾಣುತ್ತದೆ. ಬಿಡಿಸಿದರೆ ಮೂರು ಮಾತುಗಳಾಗುತ್ತವೆ: ಅದು ಮೊದಲನೆಯದು, ಅದರ ಕಾಲ 450, ಅದನ್ನು ಬರೆಸಿದವನು ಕಾಕುಸ್ಥವರ್ಮ. ಒಂದೊಂದಕ್ಕೂ ಬೇರೆಬೇರೆ ಆಧಾರ ಬೇಕು. ಒಂದು ನಿಜವಾದ ಮಾತ್ರಕ್ಕೆ ಉಳಿದೆರಡು ನಿಜವಾಗುವುದಿಲ್ಲ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಹಿಂದೊಮ್ಮೆ ಒಂದು ಸ್ಮರಣ ಸಂಚಿಕೆಗೆ ಬರೆದ ಲೇಖನದಲ್ಲಿ ಮೇಲಿನ ವಾಕ್ಯವನ್ನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಹಾಕಿದ್ದೆ. ಅಚ್ಚಾದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ಕರೆಮಾಡಿ, ‘ಕಲ್ಲಿನ ಮೇಲೆ 450 ಅಂತ ಎಲ್ಲಿ ಬರೆದಿದೆ, ತೋರಿಸ್ತೀರಾ?’ ಎಂದು ಕೇಳಿದರು. ನಾನು ಆ ಶಾಸನದ ಪಾಠವನ್ನು ಅದುವರೆಗೆ ಒಮ್ಮೆಯೂ ಓದಿರಲಿಲ್ಲ. ಹಲ್ಮಿಡಿಯ ಹದಿನಾರು ಸಾಲುಗಳಲ್ಲಿ ಇಸವಿಯೂ ಇಲ್ಲ, ಶಕವರ್ಷವೂ ಇಲ್ಲ.

ಹಂತ 2: ಉತ್ತರ ಯಾರ ಬಳಿ ಇರಬೇಕು ಎಂದು ಊಹಿಸುವುದು

ಬಿಡಿಸಿ ಬರೆದ ಪ್ರತಿಯೊಂದು ಹೇಳಿಕೆಯ ಮುಂದೆ, ‘ಇದನ್ನು ಮೊದಲು ನೋಡಿದವರು, ಎಣಿಸಿದವರು ಅಥವಾ ಆದೇಶ ಹೊರಡಿಸಿದವರು ಯಾರಿರಬೇಕು?’ ಎಂಬುದನ್ನು ಬರೆಯಿರಿ. ಈ ಹಂತವನ್ನು ಬಿಟ್ಟವರು ಮೊದಲು ಸಿಕ್ಕ ಪುಟಕ್ಕೆ ಅಂಟಿಕೊಳ್ಳುತ್ತಾರೆ.

ಜನರ ಸಂಖ್ಯೆಯಾದರೆ ಜನಗಣತಿಯವರು. ಕಾನೂನಾದರೆ ಇಂಡಿಯಾ ಕೋಡ್ ಜಾಲತಾಣದಲ್ಲಿರುವ ಅಧಿನಿಯಮದ ಪಾಠ, ಸರ್ಕಾರಿ ಆದೇಶವಾದರೆ ರಾಜ್ಯಪತ್ರ. ಸಂಶೋಧನೆಯಾದರೆ ಮೂಲ ಪ್ರಬಂಧ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಅಲ್ಲಿವೆ. ಶಾಸನವಾದರೆ ರಾಜ್ಯದ ಶಾಸನಗಳ ಪಾಠಗಳನ್ನು ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು, ಹಳೆಯ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಎಪಿಗ್ರಾಫಿಯಾ ಇಂಡಿಕಾ. ಪದದ ಅರ್ಥವಾದರೆ 1894ರ ಕಿಟ್ಟೆಲ್ ಕೋಶ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು.

ಹೇಳಿಕೆಯಲ್ಲಿ ಒಂದು ದೊಡ್ಡ ಸಂಸ್ಥೆಯ ಹೆಸರಿದ್ದರೆ, ಅದು ಅಂಥ ಕೆಲಸ ಮಾಡುವ ಸಂಸ್ಥೆಯೇ ಎಂದು ಇಲ್ಲಿಯೇ ಕೇಳಿಕೊಳ್ಳಬೇಕು. ಜನಗಣಮನವನ್ನು ಯುನೆಸ್ಕೊ ವಿಶ್ವದ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ ಎಂಬ ಸಂದೇಶ ವರ್ಷಗಟ್ಟಲೆ ಓಡಾಡಿತು. ಯುನೆಸ್ಕೊ ರಾಷ್ಟ್ರಗೀತೆಗಳಿಗೆ ಅಂಕ ಕೊಡುವುದೇ ಇಲ್ಲ.

ಹಂತ 3: ಹುಡುಕುವುದು, ಅದರಲ್ಲೂ ಕನ್ನಡದಲ್ಲಿ ಹುಡುಕುವುದು

ಇಂಗ್ಲಿಷ್ ಹುಡುಕಾಟದ ಸಲಹೆಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಮೊದಲು ಎರಡಕ್ಕೂ ಸಲ್ಲುವ ಮೂರು ಉಪಾಯಗಳನ್ನು ಹೇಳಿ ಮುಗಿಸುತ್ತೇನೆ. ಒಂದು ಪದಗುಚ್ಛವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಆ ಪದಗಳು ಅದೇ ಕ್ರಮದಲ್ಲಿರುವ ಪುಟಗಳು ಮುಂದೆ ಬರುತ್ತವೆ. ‘ಸೈಟ್’ ಎಂಬ ಇಂಗ್ಲಿಷ್ ಪದ, ಅದಾದ ಕೂಡಲೇ ಜೋಡಿಚುಕ್ಕೆ (:), ಅದಕ್ಕೆ ಅಂಟಿಕೊಂಡಂತೆ ಜಾಲತಾಣದ ವಿಳಾಸ ಬರೆದರೆ ಹುಡುಕಾಟ ಆ ತಾಣಕ್ಕೆ ಸೀಮಿತವಾಗುತ್ತದೆ. ಪೂರ್ತಿ ವಿಳಾಸದ ಬದಲು ಸರ್ಕಾರಿ ತಾಣಗಳ ಬಾಲವಾದ ‘ಗವ್ ಡಾಟ್ ಇನ್’ ಎಂಬುದನ್ನಷ್ಟೇ ಇಂಗ್ಲಿಷಿನಲ್ಲಿ ಕೊಟ್ಟರೂ ನಡೆಯುತ್ತದೆ. ‘ಫೈಲ್‌ಟೈಪ್’ ಮತ್ತು ಜೋಡಿಚುಕ್ಕೆಯ ಜೊತೆಗೆ ಪಿಡಿಎಫ್ ಎಂದು ಕೊಟ್ಟರೆ ಆ ರೂಪದ ಕಡತಗಳು ಮಾತ್ರ ಬರುತ್ತವೆ, ವರದಿಗಳು ಹೆಚ್ಚಾಗಿ ಅವುಗಳಲ್ಲೇ ಇರುತ್ತವೆ.

ಇನ್ನು ಕನ್ನಡದ್ದೇ ಆದ ತೊಡಕುಗಳು. ಮೊದಲನೆಯದು ವಿಭಕ್ತಿ. ನೀವು ‘ಶಾಸನ’ ಎಂದು ಹುಡುಕುತ್ತೀರಿ, ಬರೆದವರು ‘ಶಾಸನದಲ್ಲಿ’, ‘ಶಾಸನವನ್ನು’, ‘ಶಾಸನಗಳ’ ಎಂದು ಬರೆದಿರುತ್ತಾರೆ. ಉದ್ಧರಣ ಚಿಹ್ನೆ ಹಾಕಿದಾಗ ಇವೆಲ್ಲ ಬೇರೆಬೇರೆ ಪದಗಳೇ. ಆದ್ದರಿಂದ ಚಿಹ್ನೆಯೊಳಗೆ ಹೆಸರನ್ನು ಮಾತ್ರ ಇಡಿ, ಉಳಿದ ಪದಗಳನ್ನು ಹೊರಗಿಡಿ. ಎರಡು ಮೂರು ರೂಪಗಳಲ್ಲಿ ಬೇರೆಬೇರೆಯಾಗಿ ಹುಡುಕಿ.

ಎರಡನೆಯದು ಅಕ್ಷರವಿನ್ಯಾಸ. ತಾಳಗುಂದ ಎಂಬುದನ್ನು ತಳಗುಂದ ಎಂದೂ, ಹಲ್ಮಿಡಿಯನ್ನು ಹಲ್ಮಡಿ ಎಂದೂ ಬರೆದವರಿದ್ದಾರೆ. ಇಂಗ್ಲಿಷಿಗೆ ಹೋದರೆ ಈ ವೈವಿಧ್ಯ ಇನ್ನೂ ಹೆಚ್ಚು. ಊರಿನ ಹೆಸರುಗಳ ವಿಷಯದಲ್ಲಿ ಒಂದು ದಿನಾಂಕವನ್ನು ನೆನಪಿಡಿ: 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಅದಕ್ಕಿಂತ ಹಿಂದಿನ ಇಂಗ್ಲಿಷ್ ದಾಖಲೆ ಬೇಕಿದ್ದರೆ ಶಿವಮೊಗ್ಗದ ಬದಲು ಶಿಮೊಗಾ, ಕಲಬುರಗಿಯ ಬದಲು ಗುಲ್ಬರ್ಗಾ, ಬೆಳಗಾವಿಯ ಬದಲು ಬೆಲ್ಗಾಮ್ ಎಂದೇ ಹುಡುಕಬೇಕು.

ಮೂರನೆಯದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳೂ ಗುರುತಿಸುವ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಸರ್ಕಾರಿ ಕಡತಗಳು, ಪ್ರಬಂಧಗಳು ಸಾವಿರಾರಿವೆ. ಅವು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್‌ಗಳೂ ಅಷ್ಟೇ. ಅವು ಹೆಚ್ಚಾಗಿ ಬರಿಯ ಚಿತ್ರಗಳು. ಕನ್ನಡ ಪದ ಹಾಕಿ ಹುಡುಕಿದಾಗ ಇವು ಸಿಗಲಿಲ್ಲವೆಂದರೆ ದಾಖಲೆ ಇಲ್ಲವೆಂದು ಅರ್ಥವಲ್ಲ. ಪುಸ್ತಕದ ಹೆಸರು, ಇಸವಿ, ಇಲಾಖೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು ಕಡತವನ್ನು ಹಿಡಿದು, ಪರಿವಿಡಿಯ ಮೂಲಕ ಪುಟವನ್ನು ಕಣ್ಣಿನಿಂದಲೇ ಹುಡುಕಬೇಕು. ಬೇಸರದ ಕೆಲಸ, ಆದರೆ ಒಳ್ಳೆಯ ಸಾಮಗ್ರಿ ಇರುವುದು ಬಹುಪಾಲು ಅಲ್ಲಿಯೇ.

ಹಂತ 4: ಪುಟವನ್ನು ನಂಬುವ ಮೊದಲು ಪುಟದಿಂದ ಹೊರಗೆ ಬರುವುದು

ಅಪರಿಚಿತ ತಾಣವೊಂದು ಸಿಕ್ಕಾಗ ಅದರ ವಿನ್ಯಾಸ, ‘ನಮ್ಮ ಬಗ್ಗೆ’ ಎಂಬ ಪುಟ, ಭಾಷೆಯ ಗಾಂಭೀರ್ಯ ಇವುಗಳನ್ನು ನೋಡಿ ತೀರ್ಮಾನಿಸುವುದು ಸಾಮಾನ್ಯ. ಇದು ಕೆಲಸ ಮಾಡುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಮಂದಿ ಇತಿಹಾಸಜ್ಞರು, 10 ಮಂದಿ ವೃತ್ತಿಪರ ಸತ್ಯಪರಿಶೀಲಕರು, 25 ಮಂದಿ ಪದವಿ ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಅಳೆಯುತ್ತಾರೆಂದು ನೋಡಲಾಯಿತು. ಇತಿಹಾಸಜ್ಞರು ಮತ್ತು ವಿದ್ಯಾರ್ಥಿಗಳು ಪುಟದೊಳಗೇ ಉಳಿದು ಮೇಲಿನಿಂದ ಕೆಳಗೆ ಓದಿ ಅನೇಕ ಬಾರಿ ಮೋಸಹೋದರು. ಸತ್ಯಪರಿಶೀಲಕರು ಬೇಗನೆ ಪುಟವನ್ನು ಬಿಟ್ಟು, ಬೇರೆ ಟ್ಯಾಬ್‌ಗಳನ್ನು ತೆರೆದು, ಈ ತಾಣದ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ನೋಡಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಹುಡುಗಿಯ ಕಡೆಯವರು ಹುಡುಗನ ಗುಣವನ್ನು ಹುಡುಗನನ್ನೇ ಕೇಳದೆ ಅವನ ಬೀದಿಯಲ್ಲಿ ವಿಚಾರಿಸುವ ನಮ್ಮ ಹಳೆಯ ಪದ್ಧತಿ ಇದೇ.

ಆದ್ದರಿಂದ ತಾಣದ ಹೆಸರನ್ನೂ ಬರೆದವರ ಹೆಸರನ್ನೂ ಬೇರೆಯಾಗಿ ಹುಡುಕಿ. ಬರೆದವರು ಯಾರು, ತಾಣದ ಹಣ ಎಲ್ಲಿಂದ ಬರುತ್ತದೆ, ಆ ವಿಷಯದಲ್ಲಿ ಅವರಿಗೆ ಮಾರಬೇಕಾದ ಸರಕು ಏನಾದರೂ ಇದೆಯೇ ಎಂಬಷ್ಟು ಗೊತ್ತಾದರೆ ಸಾಕು.

ವಿಕಿಪೀಡಿಯವನ್ನು ಓದಬಾರದೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಅದನ್ನು ಅಡಿಟಿಪ್ಪಣಿಗಳಿಂದ ಆರಂಭಿಸಿ ಓದಬೇಕು. ನಿಮ್ಮ ಹೇಳಿಕೆಯ ಪಕ್ಕದಲ್ಲಿರುವ ಅಂಕಿಯನ್ನು ಒತ್ತಿ ಆಕರಕ್ಕೆ ಹೋಗಿ. ಅಂಕಿಯೇ ಇಲ್ಲದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ. ಕನ್ನಡ ಪುಟ ಮತ್ತು ಇಂಗ್ಲಿಷ್ ಪುಟ ಒಂದನ್ನೊಂದು ವಿರೋಧಿಸಿದರೆ ‘ಚರ್ಚೆ’ ಎಂಬ ಪುಟವನ್ನು ತೆರೆದು ನೋಡಿ, ಜಗಳ ಏನೆಂಬುದು ಅಲ್ಲಿ ಬಯಲಾಗಿರುತ್ತದೆ.

ಹಂತ 5: ಕೊಂಡಿ ಹಿಡಿದು ಮೂಲದವರೆಗೆ ಹೋಗುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಪತ್ರಿಕೆಯ ವರದಿ ಪುಸ್ತಕವನ್ನು ಹೇಳುತ್ತದೆ, ಪುಸ್ತಕ ಇನ್ನೊಂದು ಲೇಖನವನ್ನು, ಲೇಖನ ಒಂದು ವಾರ್ಷಿಕ ವರದಿಯನ್ನು. ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗಬೇಕು. ಇಳಿಯುವಾಗ ‘ಇರಬಹುದು’ ಎಂಬ ಪದ ಎಲ್ಲಿ ಕಳೆದುಹೋಗಿದೆ ಎಂಬುದನ್ನು ಗಮನಿಸಿ. ಮೂಲದಲ್ಲಿ ಅನುಮಾನವಿದ್ದದ್ದು ನಕಲಿನಿಂದ ನಕಲಿಗೆ ಗಟ್ಟಿಯಾಗುತ್ತ ಬಂದು ಕೊನೆಗೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗುತ್ತದೆ.

ಹಲ್ಮಿಡಿಯನ್ನೇ ನೋಡೋಣ. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಈ ಊರಿನ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ, ಇಲಾಖೆಯ ಆ ವರ್ಷದ ವಾರ್ಷಿಕ ವರದಿಯೇ ಇಲ್ಲಿ ಮೊದಲ ಆಕರ. ಎಪಿಗ್ರಾಫಿಯಾ ಕರ್ನಾಟಿಕಾವನ್ನು ಮೊದಲು ಹೊರತಂದ ಬಿ.ಎಲ್. ರೈಸ್ ಅವರ ಸಂಪುಟಗಳು ಅದಕ್ಕೆ ದಶಕಗಳ ಮೊದಲೇ ಅಚ್ಚಾಗಿದ್ದವು, ಹಾಗಾಗಿ ಅವುಗಳಲ್ಲಿ ಹಲ್ಮಿಡಿಯನ್ನು ಹುಡುಕುವುದು ವ್ಯರ್ಥ. ಶಾಸನದ ಪಾಠದಲ್ಲಿ ‘ಕಾಕುಸ್ಥಭಟ್ಟೋರನ್ ಆಳೆ’ ಎಂದಿದೆ, ಅಂದರೆ ಅವನು ಆಳುತ್ತಿದ್ದಾಗ. ಅವನೇ ಬರೆಸಿದನೆಂದು ಅಲ್ಲಿ ಇಲ್ಲ. ಆ ಕಾಕುಸ್ಥನೇ ಕದಂಬ ದೊರೆ ಕಾಕುಸ್ಥವರ್ಮ ಎಂಬುದು ವಿದ್ವಾಂಸರ ಗುರುತಿಸುವಿಕೆ. 450 ಎಂಬುದು ಅದರಿಂದಲೂ ಲಿಪಿಯ ಲಕ್ಷಣಗಳಿಂದಲೂ ಬಂದ ಅಂದಾಜು. ಲಿಪಿಯನ್ನು ಬೇರೆಯಾಗಿ ಕಂಡ ವಿದ್ವಾಂಸರು ಇದಕ್ಕಿಂತ ಈಚಿನ ಕಾಲವನ್ನೂ ಹೇಳಿದ್ದಾರೆ. ಇದನ್ನು ಬಾದಾಮಿಯ ಬಂಡೆಯ ಮೇಲಿರುವ ಒಂದನೆಯ ಪುಲಕೇಶಿಯ ಸಂಸ್ಕೃತ ಶಾಸನದೊಡನೆ ಹೋಲಿಸಿ: ಅದರಲ್ಲಿ ಶಕವರ್ಷ 465 ಎಂದು ಕಲ್ಲಿನ ಮೇಲೆಯೇ ಇದೆ, ಅದು ಕ್ರಿ.ಶ. 543. ಒಂದು ಕಾಲನಿರ್ಣಯ ಕಲ್ಲು ಹೇಳಿದ್ದು, ಇನ್ನೊಂದು ನಾವು ಕಲ್ಲನ್ನು ನೋಡಿ ಹೇಳಿದ್ದು. ನಿಮ್ಮ ಬರಹದಲ್ಲಿ ಈ ವ್ಯತ್ಯಾಸ ಕಾಣಬೇಕು. ‘ಸುಮಾರು 450’ ಎಂದು ಬರೆದರೆ ಒಂದು ಪದ ಹೆಚ್ಚಾಗುತ್ತದೆ, ಮಾತು ಸರಿಯಾಗುತ್ತದೆ.

ಈಗ ‘ಮೊದಲನೆಯದು’ ಎಂಬ ಹೇಳಿಕೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಆವರಣದಲ್ಲಿ 2013-14ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ (ಸಿಂಹದ ಕೆತ್ತನೆಯಿರುವ ಕಟಕಟೆಯ) ಮೇಲಿನ ಶಾಸನವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕ್ರಿ.ಶ. 370ರದ್ದೆಂದು ಹೇಳಿದರು. ಹಾಗಾದರೆ ಹಲ್ಮಿಡಿಗಿಂತ ಹಳೆಯದು. ಪರಿಶೀಲಿಸಲು ಹೊರಟವರು ಇಲ್ಲಿ ಸಾಲುಸಾಲಾಗಿ ಎಡವುತ್ತಾರೆ. ಏಕೆಂದರೆ ‘ತಾಳಗುಂದ ಶಾಸನ’ ಎಂದು ಹುಡುಕಿದರೆ ಮೊದಲು ಎದುರಾಗುವುದು ಅದೇ ದೇವಾಲಯದ ಮುಂದಿರುವ ಸ್ತಂಭಶಾಸನ. ಅದು ಮಯೂರಶರ್ಮನ ಕಥೆಯನ್ನು ಹೇಳುವ, ಕುಬ್ಜನೆಂಬ ಕವಿ ರಚಿಸಿದ, ಕದಂಬ ದೊರೆ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನ. ರೈಸ್ ಅವರ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ 176ನೆಯದು. ಒಂದೇ ಊರು, ಒಂದೇ ಗುಡಿ, ಎರಡು ಬೇರೆ ಶಾಸನಗಳು. ಸ್ತಂಭದ ಚಿತ್ರ ಹಾಕಿ ‘ಕನ್ನಡದ ಅತ್ಯಂತ ಹಳೆಯ ಶಾಸನ, 370’ ಎಂದು ಬರೆದ ಪೋಸ್ಟ್ ಕಂಡರೆ ಬರೆದವರು ಆಕರವನ್ನು ತೆರೆದಿಲ್ಲ ಎಂದು ತಿಳಿಯಬಹುದು. ಕಟಾಂಜನದ ಶಾಸನದ 370 ಕೂಡ ಹಲ್ಮಿಡಿಯ 450ರಂತೆ ನಿರ್ಣಯಿಸಿ ಹೇಳಿದ ಕಾಲವೇ ಆದ್ದರಿಂದ, ‘ಪುರಾತತ್ವ ಇಲಾಖೆ ಹೀಗೆ ಹೇಳುತ್ತದೆ’ ಎಂದು ಹೇಳಿದವರ ಹೆಸರಿನೊಡನೆ ಬರೆಯುವುದು ಕ್ಷೇಮ.

ಇನ್ನೊಂದು ಎಚ್ಚರಿಕೆ ಸಂಪುಟ ಸಂಖ್ಯೆಯದು. ಎಪಿಗ್ರಾಫಿಯಾ ಕರ್ನಾಟಿಕಾದ ರೈಸ್ ಕಾಲದ ಆವೃತ್ತಿ ಬೇರೆ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಬೇರೆ. ಎರಡರ ಸಂಪುಟ ವಿಂಗಡಣೆ, ಶಾಸನದ ಕ್ರಮಸಂಖ್ಯೆ ಒಂದೇ ಅಲ್ಲ. ಯಾರಾದರೂ ಇಸವಿ ಹೇಳದೆ ಸಂಪುಟ ಸಂಖ್ಯೆಯನ್ನು ಮಾತ್ರ ಕೊಟ್ಟಿದ್ದರೆ ಎರಡನ್ನೂ ತೆರೆದು ನೋಡಬೇಕಾಗುತ್ತದೆ.

ಹಂತ 6: ಅಂಕಿಗಳನ್ನು ಓದುವುದು

‘ಕನ್ನಡ ಮಾತನಾಡುವವರು ಕಡಿಮೆಯಾಗುತ್ತಿದ್ದಾರೆ’ ಎಂಬ ಮಾತಿಗೆ ಜನಗಣತಿಯ ಭಾಷಾ ಕೋಷ್ಟಕವನ್ನು ತೆರೆಯಬೇಕು. 2011ರ ಗಣತಿಯಲ್ಲಿ ಅದರ ಹೆಸರು ಸಿ-16. ಎರಡು ಗಣತಿಗಳ ಪ್ರಕಾರ 2001ರಲ್ಲಿ ಕನ್ನಡದವರ ಸಂಖ್ಯೆ 3,79,24,011, 2011ರಲ್ಲಿ 4,37,06,512. ಹತ್ತು ವರ್ಷದಲ್ಲಿ ಸುಮಾರು 58 ಲಕ್ಷ ಹೆಚ್ಚಳ. ಆದರೆ ದೇಶದ ಒಟ್ಟು ಜನಸಂಖ್ಯೆಯಲ್ಲಿ ಕನ್ನಡದವರ ಪಾಲು ಶೇಕಡ 3.69ರಿಂದ 3.61ಕ್ಕೆ ಇಳಿದಿದೆ. ಸಂಖ್ಯೆ ಏರಿದೆ, ಪಾಲು ಇಳಿದಿದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಎರಡು ಬಣಗಳೂ ಅವೇ ಅಂಕಿಗಳಿಂದ ಗೆಲ್ಲಬಹುದು. ಶೇಕಡಾವಾರು ಕಂಡಾಗಲೆಲ್ಲ ‘ಯಾವುದರ ಶೇಕಡ?’ ಎಂದು ಕೇಳುವ ಅಭ್ಯಾಸ ಇದಕ್ಕಾಗಿಯೇ ಬೇಕು.

ಎರಡನೆಯ ಪ್ರಶ್ನೆ, ಎಣಿಸಿದ ವಸ್ತು ಏನು ಎಂಬುದು. ಮೇಲಿನ 4.37 ಕೋಟಿಯ ಅಡಿಯಲ್ಲಿ ಹಲವು ಮಾತೃಭಾಷೆಗಳಿವೆ. ಕನ್ನಡವೆಂದೇ ಬರೆಸಿದವರು ಸುಮಾರು 4.35 ಕೋಟಿ, ನೀಲಗಿರಿಯ ಬಡಗ ಮಾತನಾಡುವ ಸುಮಾರು 1.33 ಲಕ್ಷ ಮಂದಿಯನ್ನೂ ಗಣತಿಯವರು ಕನ್ನಡದ ಲೆಕ್ಕಕ್ಕೇ ಸೇರಿಸಿದ್ದಾರೆ. ಬಡಗವನ್ನು ಬೇರೆ ಭಾಷೆಯೆಂದು ಎಣಿಸುವವರೂ ಇದ್ದಾರೆ. ಇದಲ್ಲದೆ ಇದು ಮಾತೃಭಾಷೆಯ ಲೆಕ್ಕ. ಮನೆಯಲ್ಲಿ ತುಳುವನ್ನೋ ಉರ್ದುವನ್ನೋ ಆಡಿ ಹೊರಗೆ ಕನ್ನಡದಲ್ಲೇ ಬದುಕುವವರು ಇದರಲ್ಲಿಲ್ಲ. ‘ಕನ್ನಡ ಬಲ್ಲವರು’ ಎಂದು ಬರೆಯುವವರು ಈ ಅಂಕಿಯನ್ನು ಬಳಸಿದರೆ ತಪ್ಪಾಗುತ್ತದೆ.

ಎಚ್ಚರಿಕೆಯ ಗಂಟೆಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ‘2021ರ ಜನಗಣತಿಯ ಪ್ರಕಾರ’ ಎಂದು ಆರಂಭವಾಗುವ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ. ಆ ವರ್ಷ ಆಗಬೇಕಿದ್ದ ಗಣತಿ ಮುಂದೂಡಲ್ಪಟ್ಟಿತು.

ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವಾಗ ಗಡಿ ಬದಲಾಗಿದೆಯೇ ಎಂದು ನೋಡಬೇಕು. 1997ರಲ್ಲಿ ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳಾದವು. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾದವು. 1991ರ ಧಾರವಾಡವನ್ನು 2001ರ ಧಾರವಾಡದೊಡನೆ ನೇರವಾಗಿ ಹೋಲಿಸಿ ‘ಜನ ಊರು ಬಿಟ್ಟರು’ ಎಂದು ಬರೆದರೆ ನಗೆಪಾಟಲು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಅಲ್ಲಿಯೂ ಇದೇ ಗೊಂದಲ.

ಎಲ್ಲರನ್ನೂ ಎಣಿಸುವ ಗಣತಿ ಒಂದು ಬಗೆ, ಕೆಲವರನ್ನು ಆಯ್ದು ಕೇಳುವ ಮಾದರಿ ಸಮೀಕ್ಷೆ ಇನ್ನೊಂದು ಬಗೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದಲ್ಲಿ ಸುಮಾರು 6.37 ಲಕ್ಷ ಮನೆಗಳನ್ನು ಸಂದರ್ಶಿಸಿತು. ಮಾದರಿಯ ಗಾತ್ರಕ್ಕಿಂತ ಆಯ್ಕೆಯ ವಿಧಾನ ಮುಖ್ಯ. ಕ್ರಮಬದ್ಧವಾಗಿ ಆಯ್ದ ಎರಡು ಸಾವಿರ ಮನೆಗಳು ಹೇಳುವುದನ್ನು, ಇಷ್ಟವಿದ್ದವರು ಮಾತ್ರ ಒತ್ತುವ ಎರಡು ಲಕ್ಷ ಮತಗಳ ಆನ್‌ಲೈನ್ ಸಮೀಕ್ಷೆ ಹೇಳಲಾರದು. ಕ್ಷೇತ್ರಕಾರ್ಯದ ದಿನಾಂಕವನ್ನೂ ಹುಡುಕಿ. ಈ ಸಮೀಕ್ಷೆಗೆ 2019-21 ಎಂಬ ಹಣೆಪಟ್ಟಿ ಇದ್ದರೂ ಕರ್ನಾಟಕದ ಮನೆಗಳ ಸಂದರ್ಶನ 2019ರಲ್ಲೇ ಮುಗಿದಿತ್ತು. ಅದರ ಅಂಕಿಗಳಿಂದ ರಾಜ್ಯದ ಮೇಲೆ ಕೋವಿಡ್‌ನ ಪರಿಣಾಮವನ್ನು ಹೇಳಹೊರಟವರು ಕೋವಿಡ್ ಬರುವ ಮುಂಚಿನ ಕರ್ನಾಟಕವನ್ನು ವರ್ಣಿಸುತ್ತಿರುತ್ತಾರೆ.

ಹಂತ 7: ಸಂಶೋಧನಾ ಪ್ರಬಂಧವನ್ನು ತೆರೆದಾಗ

‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಮಾತಿನ ಹಿಂದೆ ಪ್ರಬಂಧವೇ ಇಲ್ಲದಿದ್ದರೆ ಕೆಲಸ ಮುಗಿಯಿತು. ಇದ್ದರೆ ಮೊದಲು ಸಾರಾಂಶ, ಆಮೇಲೆ ನೇರವಾಗಿ ವಿಧಾನದ ಭಾಗ, ಅದರ ಬಳಿಕ ಲೇಖಕರೇ ಬರೆದುಕೊಂಡ ಮಿತಿಗಳು, ಕೊನೆಗೆ ಫಲಿತಾಂಶ ಎಂಬ ಕ್ರಮದಲ್ಲಿ ಓದಿ. ಎಷ್ಟು ಜನರ ಮೇಲೆ ನಡೆಯಿತು, ಅವರನ್ನು ಹೇಗೆ ಆರಿಸಿದರು, ಹೋಲಿಸಲು ಇನ್ನೊಂದು ಗುಂಪು ಇತ್ತೇ, ಇಲಿಯ ಮೇಲೋ ಮನುಷ್ಯರ ಮೇಲೋ, ಹಣ ಕೊಟ್ಟವರು ಯಾರು ಎಂಬ ಐದು ಉತ್ತರಗಳು ಸಿಕ್ಕಿದರೆ ಸಾಮಾನ್ಯ ಓದುಗರಿಗೆ ಬೇಕಾದಷ್ಟಾಯಿತು.

ಎರಡು ಸಂಗತಿಗಳು ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬೇಸಿಗೆಯಲ್ಲಿ ಎಳನೀರಿನ ಮಾರಾಟವೂ ಏರುತ್ತದೆ, ಕೆರೆಯಲ್ಲಿ ಮುಳುಗುವವರ ಸಂಖ್ಯೆಯೂ ಏರುತ್ತದೆ. ಎರಡರ ಹಿಂದೆಯೂ ಇರುವುದು ಸೆಕೆ. ಪ್ರಬಂಧದಲ್ಲಿ ‘ಸಂಬಂಧ ಕಂಡುಬಂದಿದೆ’ ಎಂದಿದ್ದು ಸುದ್ದಿಯಲ್ಲಿ ‘ಕಾರಣವಾಗಿದೆ’ ಎಂದಾಗಿದ್ದರೆ ತಪ್ಪು ಸುದ್ದಿಯವರದು.

ಪ್ರಕಟವಾದ ಪ್ರಬಂಧವನ್ನು ಆಮೇಲೆ ಹಿಂತೆಗೆದುಕೊಂಡಿರಬಹುದು. ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತಿತರರ ಪ್ರಬಂಧ 1998ರಲ್ಲಿ ವೈದ್ಯಕೀಯ ಪತ್ರಿಕೆ ದಿ ಲ್ಯಾನ್ಸೆಟ್‌ನಲ್ಲಿ ಬಂತು. ಅದರಲ್ಲಿದ್ದದ್ದು 12 ಮಕ್ಕಳು. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಆದರೂ ಅದರ ನಕಲುಗಳು ಇಂದಿಗೂ ತಿರುಗುತ್ತಿವೆ. ಆದ್ದರಿಂದ ನಕಲನ್ನು ಓದದೆ ಪತ್ರಿಕೆಯ ಸ್ವಂತ ತಾಣದಲ್ಲಿರುವ ಪುಟವನ್ನು ತೆರೆಯಿರಿ. ಹಿಂತೆಗೆತದ ಸೂಚನೆ ಅಲ್ಲಿ ತಲೆಬರಹದ ಹತ್ತಿರವೇ ಇರುತ್ತದೆ. ಹಣ ಕೊಟ್ಟರೆ ಎರಡು ದಿನದಲ್ಲಿ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳೂ ಬಹಳಷ್ಟಿವೆ. ಸಂಪಾದಕ ಮಂಡಳಿಯ ಒಬ್ಬಿಬ್ಬರ ಹೆಸರನ್ನು ಅವರ ವಿಶ್ವವಿದ್ಯಾಲಯದ ತಾಣದಲ್ಲಿ ಹುಡುಕಿದರೆ ಪತ್ರಿಕೆಯ ಬಂಡವಾಳ ತಿಳಿಯುತ್ತದೆ.

ಹಂತ 8: ಚಾಟ್‌ಬಾಟ್ ಮತ್ತು ಚಿತ್ರಗಳು

ಚಾಟ್‌ಬಾಟ್‌ಗಳನ್ನು ಹುಡುಕುಪದ ಸೂಚಿಸಲು, ಇಂಗ್ಲಿಷ್ ವರದಿಯ ಗೊತ್ತಿರದ ಪದವನ್ನು ತಿಳಿಯಲು ಬಳಸಬಹುದು. ಆಕರವಾಗಿ ಬಳಸುವಂತಿಲ್ಲ, ಏಕೆಂದರೆ ಅವು ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಗಳನ್ನು ಅಳುಕಿಲ್ಲದೆ ಹೇಳಬಲ್ಲವು. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಚಾಟ್‌ಜಿಪಿಟಿ ಸೃಷ್ಟಿಸಿದ ಇಲ್ಲದ ಮೊಕದ್ದಮೆಗಳನ್ನು ನ್ಯಾಯಾಲಯಕ್ಕೆ ಉಲ್ಲೇಖಿಸಿ 5,000 ಡಾಲರ್ ದಂಡ ತೆತ್ತರು. ಚಾಟ್‌ಬಾಟ್ ಹೇಳಿದ ಪ್ರತಿಯೊಂದು ಶೀರ್ಷಿಕೆಯನ್ನೂ ಗ್ರಂಥಾಲಯದ ಪಟ್ಟಿಯಲ್ಲಿ ಕಂಡ ಮೇಲಷ್ಟೇ ನೋಟುಪುಸ್ತಕಕ್ಕೆ ಇಳಿಸಿ.

ಚಿತ್ರವನ್ನು ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಕೊಟ್ಟು, ಅದು ಮೊದಲು ಎಲ್ಲಿ ಯಾವಾಗ ಕಾಣಿಸಿತೆಂದು ನೋಡಿ. ಈ ವರ್ಷದ ಪ್ರವಾಹವೆಂದು ಬಂದ ಚಿತ್ರ ಐದು ವರ್ಷ ಹಿಂದಿನದ್ದೋ ಬೇರೆ ರಾಜ್ಯದ್ದೋ ಆಗಿರುವುದು ತೀರಾ ಸಾಮಾನ್ಯ.

ಹಂತ 9: ಬರೆದಿಡುವುದು, ಜಾಲ ಕೈಕೊಟ್ಟಾಗ ಹೊರಗೆ ಹೋಗುವುದು

ಪ್ರತಿ ಆಕರಕ್ಕೂ ಬರೆದವರ ಹೆಸರು, ಶೀರ್ಷಿಕೆ, ಇಸವಿ, ಪುಟ, ನೀವು ನೋಡಿದ ದಿನಾಂಕ ಇವನ್ನು ಅಲ್ಲಿಂದಲ್ಲಿಗೇ ಬರೆದುಕೊಳ್ಳಿ. ಆಕರದ ಮಾತನ್ನು ಉದ್ಧರಣ ಚಿಹ್ನೆಯೊಳಗೆ, ನಿಮ್ಮ ಮಾತನ್ನು ಹೊರಗೆ ಇಡಿ. ಇಲ್ಲವಾದರೆ ಎರಡು ತಿಂಗಳ ಮೇಲೆ ಯಾವುದು ಯಾರದೆಂದು ನಿಮಗೇ ತಿಳಿಯದೆ, ಗೊತ್ತಿಲ್ಲದೆ ಕೃತಿಚೌರ್ಯವಾಗುತ್ತದೆ. ಸರ್ಕಾರಿ ತಾಣಗಳ ಕೊಂಡಿಗಳು ಆಗಾಗ ಮುರಿಯುವುದರಿಂದ, ಪುಟವನ್ನು ಕಂಡ ದಿನವೇ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡಿ.

ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಹೇಳಿಕೆಯನ್ನೂ ಒಮ್ಮೆ ಬೇಕೆಂದೇ ಹುಡುಕಿ. ಹುಡುಕುಪದದಲ್ಲಿಯೇ ಉತ್ತರವನ್ನು ಅಡಗಿಸಿಟ್ಟರೆ, ಅಂದರೆ ‘ಅರಿಶಿನದ ಲಾಭಗಳು’ ಎಂದು ಕೇಳಿದರೆ, ಲಾಭಗಳೇ ಬರುತ್ತವೆ.

ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆ ಎಲ್ಲರಿಗೂ ಇರುತ್ತದೆ. ಒಬ್ಬರಿಂದೊಬ್ಬರು ನಕಲು ಮಾಡದ ಎರಡು ಆಕರಗಳು ಒಂದೇ ಮಾತನ್ನು ಹೇಳಿದಾಗ, ಅಥವಾ ಎಣಿಸಿದವರ ಕೋಷ್ಟಕವನ್ನೇ ನೀವು ಕಂಡಾಗ, ಆ ಹೇಳಿಕೆಯ ಮುಂದೆ ಗುರುತು ಹಾಕಿ ಮುಂದಕ್ಕೆ ಹೋಗಬಹುದು. ಆಕರಗಳು ಒಪ್ಪದಿದ್ದರೆ, ಒಪ್ಪಿಲ್ಲವೆಂದೇ ಬರೆಯಿರಿ. ಓದುಗರು ಅದರಿಂದ ಸಿಟ್ಟಾಗುವುದಿಲ್ಲ.

ಕೆಲವು ಉತ್ತರಗಳು ಜಾಲದಲ್ಲಿ ಇರುವುದೇ ಇಲ್ಲ. ನಿಮ್ಮೂರಿನ ಕೆರೆಯ ಹೂಳೆತ್ತಲು ಎಷ್ಟು ಹಣ ಖರ್ಚಾಯಿತು ಎಂಬುದನ್ನು ಗೂಗಲ್ ಹೇಳಲಾರದು. ಮೊದಲು ಸಂಬಂಧಪಟ್ಟ ಕಚೇರಿಯ ತಾಣದಲ್ಲಿ, 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣದಂತೆ ಅವರೇ ಮುಂದಾಗಿ ಪ್ರಕಟಿಸಬೇಕಾದ ಮಾಹಿತಿಯನ್ನು ನೋಡಿ. ಅಲ್ಲಿ ಸಿಗದಿದ್ದರೆ 10 ರೂಪಾಯಿ ಶುಲ್ಕದೊಡನೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿ. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯಲ್ಲಿ ‘ಏಕೆ ಹೀಗಾಯಿತು’ ಎಂದು ಕೇಳಬೇಡಿ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಅಳತೆ ಪುಸ್ತಕದ ಮತ್ತು ಬಿಲ್ಲುಗಳ ದೃಢೀಕೃತ ಪ್ರತಿ ಬೇಕೆಂದು ಕೇಳಿ. ಅರ್ಜಿಯ ಒಂದು ಪ್ರತಿಗೆ ಕಚೇರಿಯ ಮೊಹರು ಹಾಕಿಸಿಕೊಂಡು ಬನ್ನಿ, ಮೂವತ್ತು ದಿನಗಳ ಎಣಿಕೆಗೆ ಅದೇ ದಾಖಲೆ.